ಸಂಚಿಯೊಳಗಿನ ಫೋನು

ಇದು ಆಗದ ಕೆಲಸ ಎಂದವನು ನನ್ನ ಸೋದರಮಾವ. ರಾಣೇಬೆನ್ನೂರಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅವನದು. ಕಣ್ಣಿಗೆ ತಂತಿ ಕಾಣದ ಯಾವುದನ್ನೂ ನಂಬುವವನಲ್ಲ.

“ಮಷಿನ್ ಅಲ್ಲೈತಿ, ಫೋನ್ ಇಲ್ಲೈತಿ, ನಡುವ ಏನೂ ಇಲ್ಲ. ಅದನ್ನ ನಂಬಿ ನನ್ನ ತಂಗಿ ಕೈ ಇಡಬೇಕಾ? ಆಗೂದಲ್ಲ ಬಿಡವ್ವಾ. ನೀ ಎಂಜಿನಿಯರ್ ಆದ್ರೂ ಆಗೂದಲ್ಲ.”

ಅವನ ಆ ತಂಗಿ ನನಗೆ ಚಿಗವ್ವ, ಅಮ್ಮನ ತಂಗಿ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಬ್ಯಾಡಗಿಯ ಖಾರಪುಡಿ ಗಿರಣಿಯಲ್ಲಿ ಅವಳ ಕೆಲಸ. ಅಲ್ಲಿನ ಯಂತ್ರದಲ್ಲಿ ಕಬ್ಬಿಣದ ಒನಕೆಗಳು ಒಂದರ ಹಿಂದೊಂದು ಎದ್ದು ಒರಳಿನ ಗುಂಡಿಗೆ ಬೀಳುತ್ತವೆ. ಒನಕೆ ಮೇಲೆದ್ದಾಗ ಕೈ ಹಾಕಿ ಮೆಣಸಿನಕಾಯಿ ತಳ್ಳಬೇಕು, ಅದು ಬೀಳುವ ಮೊದಲು ಕೈ ತೆಗೆಯಬೇಕು. ನಿಲ್ಲಿಸುವ ಸ್ವಿಚ್ಚು ಆಚೆ ಗೋಡೆಯ ಮೇಲೆ. ಚಿಗವ್ವನ ಎಡಗೈ ಕಿರುಬೆರಳು ಅರ್ಧ ಮಾತ್ರ ಇದೆ. ಉಳಿದ ಬೆರಳುಗಳಲ್ಲಿ ಅವಳು ನನ್ನ ಜಡೆ ಹೆಣೆಯುತ್ತಿದ್ದಾಗ ನಾನು ಮನಸ್ಸಿನಲ್ಲೇ ಅವನ್ನು ಎಣಿಸಿಕೊಳ್ಳುತ್ತಿದ್ದೆ. ಸಂಜೆ ಅವಳು ಬರುವುದು ತಡವಾದರೆ ಇವತ್ತಿಗೂ ನಾನು ಬಾಗಿಲಿಗೆ ಬಂದು ನಿಲ್ಲುತ್ತೇನೆ.

ನಮ್ಮ ಮನೆಯಲ್ಲಿ ಕಾಲೇಜಿನ ಬೆಂಚಿನ ಮೇಲೆ ಕುಳಿತ ಮೊದಲನೆಯವಳು ನಾನು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಾವೇರಿ ಬಸ್ಸಿನಲ್ಲಿ ನಿಂತೇ ಓದಿದವಳು. ಕೊನೆಯ ವರ್ಷದ ಸಂಶೋಧನೆಗೆ ವಿಷಯ ಕೇಳಿದಾಗ ಬೇರೇನೂ ಹೊಳೆಯಲಿಲ್ಲ: ಫೋನಿನಿಂದ ಆ ಯಂತ್ರವನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವುದು.

“ನೆನಪಿಟ್ಕೋ,” ಎಂದರು ಕಾಲೇಜಿನ ನಮ್ಮ ಮೇಡಂ. “ಇಂಥ ಕೆಲಸದಾಗ ತಡವಾಗಿ ಬಂದ ಸರಿ ಉತ್ತರಾನೂ ತಪ್ಪ ಉತ್ತರ.”

ಕಾಲೇಜಿನ ಪ್ರಯೋಗಾಲಯದಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು. ಪರದೆಯ ಕೆಂಪು ಗುಂಡಿ ಮುಟ್ಟಿದರೆ ಸಾಕು, ಮೋಟಾರು ನಿಲ್ಲುತ್ತಿತ್ತು. ಮೋಟಾರು ನಿಂತರೂ ಒನಕೆ ಬೀಳುತ್ತದಲ್ಲ, ಅದನ್ನು ನಡುವೆಯೇ ಹಿಡಿಯುವ ಕೊಕ್ಕೆ ಬೇಕಿತ್ತು. ಅದನ್ನು ಮಾಡಿಕೊಟ್ಟವನು ಮಾವನೇ. ಆಗೂದಲ್ಲ, ಆಗೂದಲ್ಲ ಎನ್ನುತ್ತಲೇ ಮಾಡಿದ.

ಗಿರಣಿಯಲ್ಲಿ ಮೊದಲ ಪರೀಕ್ಷೆಯ ದಿನ ಮಾವ ಕೋಲಿಗೆ ಒಂದು ಸವತೆಕಾಯಿ ಕಟ್ಟಿ ಒರಳಿಗೆ ಹಿಡಿದ.

“ಇದು ನಿಮ್ಮ ಚಿಗವ್ವನ ಕೈ ಅಂತ ತಿಳ್ಕೊ. ಹೂಂ, ನಿಲ್ಲಸ್ರಿ!”

ಚಿಗವ್ವ ಪರದೆ ಒತ್ತಿದಳು. ಒನಕೆ ನಿಲ್ಲಲಿಲ್ಲ. ಮತ್ತೆ ಒತ್ತಿದಳು. ಸವತೆಕಾಯಿ ಸಿಡಿದು, ಬೀಜ ನನ್ನ ಕೆನ್ನೆಗೆ ಹಾರಿದವು.

ಖಾರ ಉರಿಯಬಾರದೆಂದು ಗಿರಣಿಯ ಹೆಂಗಸರು ಬೆರಳಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಳ್ಳುತ್ತಾರೆ. ಆ ಬಟ್ಟೆಯೊಳಗಿನ ಬೆರಳು ಫೋನಿಗೆ ಗೊತ್ತೇ ಆಗಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಬೆರಳುಗಳು. ಪ್ರಯೋಗಾಲಯದಲ್ಲಿ ನಾನು ಬರಿಬೆರಳಿನಿಂದಲೇ ಒತ್ತಿ ನೋಡಿದ್ದೆ.

ಆಮೇಲೆ ಎಷ್ಟೋ ದಿನ ಅಡುಗೆಮನೆಯಲ್ಲಿ ಸವತೆಕಾಯಿ ಹೆಚ್ಚಲು ನನ್ನಿಂದಾಗಲಿಲ್ಲ. ಬಿಟ್ಟುಬಿಡೋಣ ಅನ್ನಿಸಿತ್ತು. ಬಿಟ್ಟರೂ ಚಿಗವ್ವ ಬೆಳಗಾದರೆ ಅದೇ ಒರಳಿನ ಮುಂದೆ ಕೂರುವವಳೇ.

ದಾರಿ ಅವಳ ಸೊಂಟದಲ್ಲೇ ಇತ್ತು. ಎಲೆಅಡಿಕೆ ಸಂಚಿ. ಫೋನನ್ನು ಅದರಲ್ಲಿಟ್ಟು ಕಟ್ಟಿದೆ. ಪರದೆ ಮುಟ್ಟುವುದೇ ಬೇಡ, ಸಂಚಿಗೆ ಒಂದು ಏಟು ಹಾಕಿದರೆ ಫೋನು ಅದನ್ನು ತಿಳಿದು ಯಂತ್ರ ನಿಲ್ಲಿಸಬೇಕು. ಅದಲ್ಲದೆ, ತಗಡಿನ ಮಾಡಿನ ಕೆಳಗೆ ಸಿಗ್ನಲ್ಲು ಯಾವಾಗ ಸಾಯುವುದೋ ಹೇಳಲಾಗದು. ಅದಕ್ಕೆ ಫೋನು, ಗೋಡೆಗೆ ಹಾಕಿದ ಸಿಗ್ನಲ್ ಪೆಟ್ಟಿಗೆಯ ಮೂಲಕ, ಯಂತ್ರಕ್ಕೆ ಬಿಡದೆ “ಇದ್ದೇನೆ, ಇದ್ದೇನೆ” ಎಂದು ಹೇಳುತ್ತಿರಬೇಕು. ಆ ಮಾತು ನಿಂತ ಕೂಡಲೇ ಯಂತ್ರವೂ ನಿಲ್ಲಬೇಕು.

ಈಗ ಯಂತ್ರ ಸುಮ್ಮಸುಮ್ಮನೆ ನಿಲ್ಲತೊಡಗಿತು. ಸುಣ್ಣದ ಡಬ್ಬಿ ಇದೆಯೋ ಇಲ್ಲವೋ ಎಂದು ಚಿಗವ್ವ ಗಳಿಗೆಗೊಮ್ಮೆ ಸಂಚಿ ತಟ್ಟಿ ನೋಡುತ್ತಿದ್ದಳು!

“ಏನ ಅಕ್ಕಾ, ನೀ ಎಲಿ ಹಾಕ್ಕೊಂಡ್ರ ಊರಿಗೇ ಖಾರ ಇಲ್ಲದಂಗ ಆತಲ್ಲ,” ಎಂದು ಪಕ್ಕದ ಒರಳಿನವಳು ನಕ್ಕಳು.

“ನಗಬ್ಯಾಡ ಸುಮ್ನಿರ. ನನ್ನ ಸೊಸಿ ಮಷಿನ್ನಿಗೆ ಬುದ್ಧಿ ಕಲ್ಸಾಕತ್ಯಾಳ.”

ಅಣ್ಣನ ಮಗಳಲ್ಲ, ಅಕ್ಕನ ಮಗಳು ನಾನು, ಸೊಸೆ ಹೇಗಾದೆನೋ! ಅಕ್ಕರೆ ಬಂದಾಗ ಅವಳು ಸಂಬಂಧ ನೋಡುವುದಿಲ್ಲ. ತಟ್ಟುವುದು ಬೇರೆ, ಹೆದರಿ ಬಡಿಯುವುದು ಬೇರೆ ಎಂದು ಫೋನಿಗೆ ಕಲಿಸಲು ನಾನು ಅವಳಿಂದ ಸಂಚಿಯನ್ನು ಮತ್ತೆ ಮತ್ತೆ ಬಡಿಸಿದೆ. ಪ್ರತಿ ಏಟಿಗೂ ನಾನೇ ಬೆಚ್ಚುತ್ತಿದ್ದೆ.

ಕೊನೆಯ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಗಿರಣಿಗೇ ಬಂದರು. ಸವತೆಕಾಯಿ ಕಟ್ಟಿದ ಕೋಲು ಚಿಗವ್ವನ ಕೈಯಲ್ಲಿತ್ತು. ಸಂಚಿಗೆ ಬಡಿದಳು, ಯಂತ್ರ ನಿಂತಿತು. ಮತ್ತೆ ಶುರು ಮಾಡಿದೆವು. ಆಗ ಪರೀಕ್ಷಕರು ಯಾರಿಗೂ ಹೇಳದೆ ಸಿಗ್ನಲ್ ಪೆಟ್ಟಿಗೆಯ ತಂತಿ ಕಿತ್ತರು. ಅದೇ ಹೊತ್ತಿಗೆ ಗುಂಡಿಯ ಅಂಚಿನಲ್ಲಿ ಒಂದಿಷ್ಟು ಕಾಯಿ ಸಿಕ್ಕಿಕೊಂಡವು. ಚಿಗವ್ವ ಕೋಲನ್ನು ಕಂಕುಳಿಗೆ ಸಿಕ್ಕಿಸಿ, ದಿನಾ ಮಾಡುವ ಹಾಗೆ, ಕೈಯನ್ನೇ ಒಳಗೆ ಹಾಕಿದಳು.

ಪೆಟ್ಟಿಗೆಯ ಹಸಿರು ದೀಪ ಆರಿದ್ದು ಕಂಡಿತು. ಅವಳ ಕೈ ಕಂಡಿತು.

ಖಟ್ ಎಂದಿತು. ಮಾವನ ಕೊಕ್ಕೆ. ಒನಕೆ ಅವಳ ಮುಂಗೈ ಮೇಲೆ ಗಾಳಿಯಲ್ಲಿ ನಿಂತಿತ್ತು. ಮಾವ ಓಡಿಹೋಗಿ ಅವಳ ಕೈಯನ್ನು ಎಳೆದು, ಬಟ್ಟೆ ಬಿಚ್ಚಿ, ಒಂದೊಂದೇ ಬೆರಳು ಮುಟ್ಟಿ ನೋಡಿದ.

“ಕೋಲ ಯಾತಕ್ಕ ಕೊಟ್ಟಿದ್ದೆ ನಿನಗ? ಹುಚ್ಚಿ!”

“ರೂಢಿ ಅಣ್ಣಾ,” ಎಂದಳು.

ಹಾವೇರಿಯ ಕಾಲೇಜಿನ ಸಭಾಂಗಣದಲ್ಲಿ ಪದವಿ ಪತ್ರ ಪಡೆದ ದಿನ, ಮೆಟ್ಟಿಲಿಳಿದು ಬಂದು ಅದನ್ನು ಚಿಗವ್ವನ ಕೈಗಿಟ್ಟೆ. ಮಾವ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಂಡ. ಆಗೂದಲ್ಲ ಎನ್ನಲಿಲ್ಲ. ತನಗೆ ಓದಲು ಬಾರದ ಆ ಕಾಗದವನ್ನು ಚಿಗವ್ವ ತುಂಬ ಹೊತ್ತು ಹಿಡಿದುಕೊಂಡಿದ್ದಳು. ಅರ್ಧ ಕಿರುಬೆರಳು ಅದರ ಅಂಚಿನಾಚೆ ನಿಂತಿತ್ತು.

“ಚಲೋ ಆತವ್ವಾ,” ಎಂದಳು. “ಬಾಜೂ ಒರಳಿಗೆ ಇದನ್ನ ಯಾವಾಗ ಕಟ್ಟತೀ? ಆಕಿ ಇನ್ನೂ ಬರೇ ಕೈಲೇ ಕುಂದರ್ತಾಳ.”