ಮೂಕ ಪೇಟಿ

ಕೀಬೋರ್ಡು ನಮ್ಮ ಮನೆಗೆ ಬಂದ ದಿನ ಮಳೆ ಬರುತ್ತಿತ್ತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಆಟೋದ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ತುರುಕಿದ ಉದ್ದನೆಯ ರಟ್ಟಿನ ಪೆಟ್ಟಿಗೆ. ಹೊರಗೆ ಚಾಚಿದ ತುದಿಗೆ ನನ್ನ ರೇನ್‌ಕೋಟು ಹೊದಿಸಿದ್ದೇನೆ. ದೇಶಪಾಂಡೆ ನಗರದ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ಅಪ್ಪ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನಿಂತಿದ್ದಾನೆ. ಅವ್ವ ಹೇಳುವುದೇ ಬೇರೆ. ಅವತ್ತು ಕಣ್ಣು ಬಿಡಲಾಗದ ಬಿಸಿಲಂತೆ. ಹೊದಿಸಿದ್ದು ರೇನ್‌ಕೋಟಲ್ಲ, ಅವಳ ಹಳೆಯ ಚಾದರವಂತೆ. ಅಪ್ಪ ಬಾಗಿಲಲ್ಲಿ ಇರಲೇ ಇಲ್ಲ, ಒಳಗೆ ಮಲಗಿದ್ದನಂತೆ.

ನಾನು ಧಾರವಾಡದಲ್ಲಿ ಇತಿಹಾಸ ಓದಿ, ಅಲ್ಲಿಯೇ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸಿದವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು, ಅದೂ ಬಹಳ ದಿನದ ಮೇಲೆ ಹೇಳಿದ್ದನ್ನು, ಸುಮ್ಮನೆ ಒಪ್ಪಿಕೊಳ್ಳಬೇಡಿ ಎಂದು ತರಗತಿಯಲ್ಲಿ ವರ್ಷ ವರ್ಷ ಹೇಳಿದ್ದೇನೆ. ಈ ವಿಷಯದಲ್ಲಿ ಆ ಒಬ್ಬನೇ ಸಾಕ್ಷಿ ನಾನೇ. ಮಳೆಯೋ ಬಿಸಿಲೋ, ಅದು ಹೇಗಿದ್ದರೂ ನಡೆದೀತು. ಅಪ್ಪ ಆ ಕೀಬೋರ್ಡನ್ನು ತನ್ನದೆಂದು ಬಾರಿಸಿದನೋ ಇಲ್ಲವೋ ಎಂಬುದು ಮಾತ್ರ ನನ್ನನ್ನು ಬಿಟ್ಟಿಲ್ಲ.

ಅಪ್ಪ ಅಮರಗೋಳದ ಮಾರುಕಟ್ಟೆಯಲ್ಲಿ ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯ ಗುಮಾಸ್ತನಾಗಿದ್ದ. ಅದಕ್ಕೂ ಮೊದಲು, ಮದುವೆಗೆ ಮುಂಚೆ, ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಪೇಟಿ ಬಾರಿಸುತ್ತಿದ್ದ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಕಂಪನಿಯಲ್ಲಿದ್ದದ್ದು ಕಾಲುಪೇಟಿ. ಕುರ್ಚಿಯ ಮೇಲೆ ಕೂತು, ಕೆಳಗಿನ ಹಲಗೆಗಳನ್ನು ಕಾಲಿನಿಂದ ತುಳಿದು ಗಾಳಿ ತುಂಬಬೇಕು. ಮನೆಯಲ್ಲಿದ್ದದ್ದು ಎಡಗೈಯಿಂದ ತಿದಿ ಒತ್ತಿ ಗಾಳಿ ತುಂಬುವ ಸಾಮಾನ್ಯ ಪೇಟಿ. ಪ್ರತಿ ಗುರುವಾರ ಸಂಜೆ ಅಪ್ಪನ ಗೆಳೆಯರೊಬ್ಬರು ತಬಲಾ ತೆಗೆದುಕೊಂಡು ಬರುತ್ತಿದ್ದರು. ಗೋಕುಲ ರಸ್ತೆಯಲ್ಲಿ ಅವರದೊಂದು ಗ್ಯಾರೇಜು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಮನೆಯಲ್ಲಿ ಉರ್ದು ಆಡುವವರು, ಆದರೆ ನಮ್ಮ ಓಣಿಯ ಭಜನೆಯ ಪದಗಳೆಲ್ಲ ಅವರಿಗೆ ಬಾಯಿಪಾಠ. ಅಪ್ಪ ಪದ ಮರೆತರೆ ತಬಲಾ ನಿಲ್ಲಿಸದೆ ಮುಂದಿನ ಸಾಲು ಎತ್ತಿಕೊಡುತ್ತಿದ್ದವರು ಅವರೇ.

ಆಮೇಲೆ ಅಪ್ಪನಿಗೆ ಲಕ್ವಾ ಹೊಡೆಯಿತು. ಮಾತು ಬೇಗ ಮರಳಿತು, ನಡಿಗೆ ನಿಧಾನಕ್ಕೆ ಮರಳಿತು, ಎಡಗೈ ಮರಳಲಿಲ್ಲ. ಬಲಗೈ ಮೊದಲಿನಂತೆಯೇ ಇತ್ತು, ಆದರೆ ತಿದಿ ಒತ್ತುವವರಿಲ್ಲದೆ ಅದು ಏನು ಮಾಡೀತು? ಒಂದೆರಡು ಸಲ ನಾನು ಎದುರು ಕೂತು ತಿದಿ ಒತ್ತಿದೆ. ಅಪ್ಪನ ಬೆರಳು ಹೋದ ಕಡೆ ನನ್ನ ಗಾಳಿ ಹೋಗಲಿಲ್ಲ. ಅವನು ಪೇಟಿಯ ಮುಚ್ಚಳ ಹಾಕಿದ. ಗುರುವಾರ ಕಾಕಾ ಬರುವುದು ತಪ್ಪಲಿಲ್ಲ, ತಬಲಾ ಮಾತ್ರ ತರುತ್ತಿರಲಿಲ್ಲ. ಇಬ್ಬರೂ ಚಹಾ ಕುಡಿದು, ಕಾಳಿನ ದರ ಮಾತಾಡುತ್ತ ಕೂಡುತ್ತಿದ್ದರು. ಧಾರವಾಡದ ವೈದ್ಯರು ಕೊಟ್ಟ ಎಣ್ಣೆಯನ್ನು ಅವ್ವ ದಿನಾ ಮಧ್ಯಾಹ್ನ ಅಪ್ಪನ ಕೈಗೂ ಎರಡೂ ಕಾಲಿಗೂ, ಅಂಗಾಲಿನವರೆಗೆ, ತಿಕ್ಕುತ್ತಿದ್ದಳು. ಮನೆಯಲ್ಲೆಲ್ಲ ಆ ಕಹಿ ವಾಸನೆ. ಅಪ್ಪ ನಡೆದಲ್ಲೆಲ್ಲ ಕೆಂಪು ಗಾರೆಯ ಮೇಲೆ ಅರ್ಧರ್ಧ ಹೆಜ್ಜೆ ಮಿನುಗುತ್ತಿದ್ದವು.

ನಾನು ಆಗ ಧಾರವಾಡದ ಹವ್ಯಾಸಿ ನಾಟಕದವರಿಗೆ ಹಿನ್ನೆಲೆ ಸಂಗೀತ ಮಾಡುತ್ತಿದ್ದೆ. ಬೇರೆಯವರ ಪುಟ್ಟ ಕೀಬೋರ್ಡು ಕೇಳಿ ತಂದು ಬಾರಿಸಿ ಸಾಕಾಗಿತ್ತು. ಹಲವು ವಾದ್ಯಗಳನ್ನು ಒಂದರ ಮೇಲೊಂದು ಕೂಡಿಸಿ, ಫ್ಲಾಪಿಯಲ್ಲಿ ಉಳಿಸಿಕೊಳ್ಳಬಲ್ಲ ವರ್ಕ್‌ಸ್ಟೇಷನ್ ಎಂಬ ದೊಡ್ಡ ಕೀಬೋರ್ಡು ಬೇಕೆಂದು ವರ್ಷಗಟ್ಟಲೆ ಆಸೆಪಟ್ಟಿದ್ದೆ. ಮನೆಯಲ್ಲಿ ಹೇಳುವಾಗ ಮಾತ್ರ, ಇದಕ್ಕೆ ತಿದಿ ಬೇಡ, ಅಪ್ಪ ಒಂದೇ ಕೈಯಲ್ಲಿ ಬಾರಿಸಬಹುದು ಎಂದೆ. ಹೇಳಿದ ಮೇಲೆ ಆ ಮಾತೇ ನನ್ನನ್ನು ಹಿಡಿದುಕೊಂಡಿತು. ಗುರುವಾರಗಳು ವಾಪಸು ಬಂದಾವು ಎಂದು ನನಗೇ ಅನ್ನಿಸತೊಡಗಿತು.

ಪೆಟ್ಟಿಗೆ ಬಿಚ್ಚಿದ್ದು ಚೆನ್ನಾಗಿ ನೆನಪಿದೆ. ಇದರಲ್ಲಿ ಅವ್ವನದೂ ತಕರಾರಿಲ್ಲ. ಥರ್ಮಾಕೋಲಿನ ಕಿರ್ ಸದ್ದು, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಬಿಳಿ ಕೀಗಳ ಮೇಲೆ ಎಳೆದ ತೆಳ್ಳನೆಯ ಹಾಳೆ. ಅದಕ್ಕೆ ಕುಂಕುಮ ಹಚ್ಚಲು ಬಂದ ಅವ್ವನನ್ನು ನಾನು ತಡೆದೆ. ಅವಳು ಅದರ ಪಕ್ಕದ ಸ್ಟೆಬಿಲೈಸರಿಗೆ ಹಚ್ಚಿ ಕೈಮುಗಿದಳು. ಕಾಕಾ ಗ್ಯಾರೇಜು ಬಿಟ್ಟು ಬಂದಿದ್ದರು, ಕೈಯಲ್ಲಿ ಇನ್ನೂ ಗ್ರೀಸಿತ್ತು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಸ್ವಿಚ್ಚು ಒತ್ತಿದೆ. ಸಣ್ಣ ಪರದೆ ನೀಲಿಯಾಗಿ ಹೊತ್ತಿಕೊಂಡಿತು. ಕೀ ಒತ್ತಿದೆ. ಸದ್ದಿಲ್ಲ. ಇನ್ನೊಂದು ಒತ್ತಿದೆ. ದಪ್ಪನೆಯ ಕೈಪಿಡಿ ತಿರುವಿಹಾಕಿದೆ. ಪುಟ್ಟ ಕೀಬೋರ್ಡುಗಳ ಹೊಟ್ಟೆಯಲ್ಲೇ ಇರುವ ಸ್ಪೀಕರು ಇಷ್ಟು ದೊಡ್ಡ ಯಂತ್ರದಲ್ಲಿ ಇರುವುದಿಲ್ಲ, ಅದನ್ನು ಬೇರೆಯೇ ಜೋಡಿಸಬೇಕು ಎಂಬುದು ಎಂ.ಎ. ಮಾಡಿದ ನನಗೆ ಗೊತ್ತಿರಲಿಲ್ಲ.

ಕಾಕಾ ಕೀಗಳನ್ನು ನೋಡಿದರು, ನನ್ನನ್ನು ನೋಡಿದರು. "ತಮ್ಮಾ, ಎಲ್ಲಾ ಬಿಟ್ಟು ಮೂಕ ಪೇಟಿ ತಂದೀಯಲ್ಲೋ."

ನನ್ನ ವಾಕ್‌ಮನ್ನಿನ ಹೆಡ್‌ಫೋನಿನ ತುದಿಗೆ ಹೊಂದುವ ಪಿನ್ನು ಹುಡುಕಿ ಸಿಕ್ಕಿಸಿದೆ. ಸದ್ದು ಬಂತು, ಆದರೆ ಒಬ್ಬರಿಗೆ ಮಾತ್ರ. ಒಬ್ಬರಾದ ಮೇಲೆ ಒಬ್ಬರು ಹೆಡ್‌ಫೋನು ಹಾಕಿಕೊಂಡೆವು. ಉಳಿದವರು ಹಾಕಿಕೊಂಡವರ ಮುಖ ನೋಡುತ್ತ ಕೂತೆವು. ಅವ್ವ ಪಿಟೀಲು ಕೇಳಿ ಸೆರಗು ಬಾಯಿಗೆ ಹಿಡಿದುಕೊಂಡಳು. ಕಾಕಾ ಅದರೊಳಗಿನ ತಬಲಾ ಕೇಳಿ, ಯಾರೋ ಡಬ್ಬಿ ಬಡಿಯುತ್ತಿದ್ದಾರೆ ಎಂದರು, ಎಲ್ಲರೂ ಕಿವುಡರು ಎಂಬಷ್ಟು ಗಟ್ಟಿಯಾಗಿ. ಅಪ್ಪನ ಕಿವಿಗೆ ಹಾಕಿದಾಗ ಅವನು ಕಣ್ಣು ಮುಚ್ಚಿಕೊಂಡ. ಬಹಳ ಹೊತ್ತಿನ ಮೇಲೆ ತೆಗೆದು, ಹೊರಗೆ ಯಾರಿಗೂ ಕೇಳುವುದಿಲ್ಲವೇ ಎಂದು ಕೇಳಿದ. ಕೇಳುವುದಿಲ್ಲ ಎಂದೆ. ಅವನು ತಲೆದೂಗಿದ. ಆ ಪ್ರಶ್ನೆಯನ್ನು ನಾನು ಆಗ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಅದನ್ನು ಕೇಳಿದ್ದು ನಿಜವೋ, ಮುಂದೆ ಆದದ್ದಕ್ಕೆ ಹೊಂದುತ್ತದೆಂದು ನಾನೇ ಸೇರಿಸಿದೆನೋ, ಅದೂ ಖಾತ್ರಿಯಿಲ್ಲ.

ಮುಂದಿನ ಗುರುವಾರ ಕಾಕಾ ಮೈಕ್‌ಸೆಟ್ಟಿನವರಿಂದ ಒಂದು ಆಂಪ್ಲಿಫೈಯರು ತಂದರು, ತಬಲಾವನ್ನೂ ತಂದರು. ಓಣಿಯ ಭಜನೆಯ ನಾಲ್ಕಾರು ಜನ ಬಂದು ಕೂತರು. ಯಂತ್ರದಲ್ಲಿ ಪೇಟಿಯ ಸ್ವರ ಇರಲಿಲ್ಲ. ಅದಕ್ಕೆ ಹತ್ತಿರದ್ದೊಂದನ್ನು ತಿದ್ದಿ ತೀಡಿ ಹೊಂದಿಸಿಟ್ಟಿದ್ದೆ. ಅಪ್ಪ ಬಲಗೈ ಇಟ್ಟ. ಬೆರಳು ಏನನ್ನೂ ಮರೆತಿರಲಿಲ್ಲ. ಆದರೂ ಪದದ ಮೊದಲ ಸಾಲು ಮುಗಿಯುವ ಮುಂಚೆಯೇ ಕೈ ಎತ್ತಿದ.

"ಇದಕ್ಕ ಉಸರ ಇಲ್ಲ," ಎಂದ. "ಬೆರಳ ಇಟ್ರ ಸ್ವರ ಇರ್ತೈತಿ, ತಗದ್ರ ಹೋಗ್ತೈತಿ. ನಡುವ ಏನೂ ಇಲ್ಲ."

ಅವನು ಹೇಳಿದ್ದು ಸರಿ. ಪೇಟಿಯಲ್ಲಿ ಬೆರಳು ಸ್ವರ ಹುಡುಕುತ್ತದೆ, ಆ ಸ್ವರ ಏಳುವುದು, ತಗ್ಗುವುದು ಗಾಳಿಯಿಂದ. ಇಲ್ಲಿ ಗಾಳಿ ಕೊಡುವುದಕ್ಕೆ ಜಾಗವೇ ಇರಲಿಲ್ಲ. ಆದರೆ ಅಪ್ಪ ಬಾರಿಸುವಾಗ ಮೇಜಿನ ಕೆಳಗೆ ಅವನ ಬಲಗಾಲು ನೆಲವನ್ನು ಮೆಲ್ಲಗೆ ತುಳಿಯುತ್ತಿದ್ದದ್ದನ್ನು ನಾನು ನೋಡಿದೆ. ಕುರ್ಚಿ, ಮೇಜು, ಎದುರಿಗೆ ಕೀಗಳು. ಕಾಲಿಗೆ ಕಂಪನಿಯ ನೆನಪಾಗಿತ್ತು.

ಕೀಬೋರ್ಡಿಗೆ ಕಾಲಿನ ಪೆಡಲು ಸಿಗುತ್ತದೆ. ಮುಂದೆ ಒತ್ತಿದರೆ ಸದ್ದು ಏರುತ್ತದೆ, ಹಿಂದೆ ಬಿಟ್ಟರೆ ಇಳಿಯುತ್ತದೆ. ಮೇಲೆ ಒಂದು ಕಪ್ಪು ರಬ್ಬರಿನ ಹಾಸು. ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಹೇಳಿ ತರಿಸಿ ಜೋಡಿಸಿದೆ. ಮತ್ತೆ ಗುರುವಾರ, ಮತ್ತೆ ಅದೇ ಜನ. ಅಪ್ಪ ಪೆಡಲಿನ ಮೇಲೆ ಕಾಲಿಟ್ಟ. ಮುಖದಲ್ಲಿ ಬೆಳಕು ಬಂತು. ಅವನು ಕಾಲುಪೇಟಿ ತುಳಿದಂತೆ ತುಳಿದ, ತಾಳಕ್ಕೆ ಸರಿಯಾಗಿ, ಜೋರಾಗಿ. ನಾಟಕ ಕಂಪನಿಯಲ್ಲಿ ಬಾರಿಸಿದವನಲ್ಲದೆ ಬೇರೆ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ. ಕಾಲುಪೇಟಿಯಲ್ಲಿ ತುಳಿದ ಗಾಳಿ ಒಳಗಿನ ಚೀಲದಲ್ಲಿ ಕೂಡಿಕೊಂಡು ಸಮನಾಗಿ ಹೊರಬೀಳುತ್ತದೆ. ಇಲ್ಲಿ ಚೀಲವಿಲ್ಲ. ಪ್ರತಿ ತುಳಿತಕ್ಕೂ ಸ್ವರ ಅಬ್ಬರಿಸಿ ಎದ್ದು, ಪ್ರತಿ ಸಲ ಸತ್ತು ಬಿತ್ತು. ಹಾಡುವವರು ಹಾಡಲಾಗದೆ ನಿಂತರು.

ಕಾಕಾ ತಬಲಾದ ಮೇಲೆ ಕೈ ಚೆಲ್ಲಿ ನಕ್ಕರು. "ಪೇಟಿ ಮಾಸ್ತರ, ನಿಮ್ಮ ಪೇಟಿ ಕೆರಿಯಾಗ ಮುಳಗಿ ಏಳಾಕತ್ತೈತಿ ನೋಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಪ್ಪನೂ ನಕ್ಕ ಎಂದೇ ನನ್ನ ನೆನಪು. ಆದರೆ ನಗುತ್ತಲೇ ಎದ್ದ, ಇವರಿಗೆಲ್ಲ ಚಹಾ ಮಾಡು ಎಂದು ಅವ್ವನಿಗೆ ಹೇಳಿ ಒಳಗೆ ಹೋದ. ಜನರ ಮುಂದೆ ಅವನು ಆ ಕುರ್ಚಿಯಲ್ಲಿ ಮತ್ತೆ ಕೂರಲಿಲ್ಲ. ಅವ್ವ ತನ್ನ ಹಳೆಯ ಇಳಕಲ್ ಸೀರೆ ಕತ್ತರಿಸಿ ಕೀಬೋರ್ಡಿಗೆ ಧೂಳು ಕೂರದಂತೆ ಗೌಸಣಿಗೆ ಹೊಲಿದಳು. ಭಾನುವಾರ ನಾಟಕದ ತಾಲೀಮಿಗೆ ನಾನು ಕೀಬೋರ್ಡನ್ನು ಧಾರವಾಡಕ್ಕೆ ಒಯ್ಯುತ್ತಿದ್ದೆ. ಪೆಡಲಿನ ಗರಜು ನನಗಿರಲಿಲ್ಲ. ಅದು ಮೇಜಿನ ಕೆಳಗೇ ಇರುತ್ತಿತ್ತು.

ಇಲ್ಲಿಯವರೆಗಿನದು ಅವ್ವನಿಗೂ ಕಾಕಾಗೂ ಒಪ್ಪಿಗೆ. ಮುಂದಿನದು ನನ್ನೊಬ್ಬನದು.

ಒಂದು ದಿನ ಕಾಲೇಜಿನಲ್ಲಿ ಜ್ವರ ಬಂತು. ಪಾಠ ಬಿಟ್ಟು ಮಧ್ಯಾಹ್ನವೇ ಬಸ್ಸು ಹತ್ತಿ ಬಂದೆ. ಅವ್ವ ಊಟ ಮುಗಿಸಿ ಮಲಗುವ ಹೊತ್ತು. ಬಾಗಿಲು ಬಡಿದು ಎಬ್ಬಿಸುವುದು ಬೇಡವೆಂದು ಪಕ್ಕದ ಕಿಟಕಿಯ ಹತ್ತಿರ ಹೋದೆ. ಒಳಗಿನಿಂದ ಟಕ್, ಟಕ್ ಎಂಬ ಸಣ್ಣ ಸದ್ದು. ಬಗ್ಗಿ ನೋಡಿದೆ. ಗೌಸಣಿಗೆ ಮಡಚಿ ಮಂಚದ ಮೇಲಿಟ್ಟಿತ್ತು. ಅಪ್ಪ ಬನಿಯನ್ನು, ಧೋತರದಲ್ಲಿ ಕೀಬೋರ್ಡಿನ ಮುಂದೆ ಕೂತಿದ್ದ. ಕಿವಿಯ ಮೇಲೆ ನನ್ನ ಹೆಡ್‌ಫೋನು. ಎಡಗೈ ತೊಡೆಯ ಮೇಲೆ. ಬಲಗೈ ಅವಸರವಿಲ್ಲದೆ ಕೀಗಳ ಮೇಲೆ ಹೋಗಿ ಬರುತ್ತಿತ್ತು. ಮೇಜಿನ ಕೆಳಗೆ, ಹಿಮ್ಮಡಿಯನ್ನು ನೆಲದ ಮೇಲೆ ಊರಿ, ಬರೀ ಮುಂಗಾಲಿನಿಂದ ಪೆಡಲಿನ ಮೇಲ್ತುದಿಯನ್ನು ಒತ್ತಿ ಬಿಡುತ್ತಿದ್ದ. ಅದು ತುಳಿತವಲ್ಲ. ಮಲಗಿದ ಮಗುವಿನ ಹೊಟ್ಟೆ ಏರಿ ಇಳಿದ ಹಾಗೆ. ಅವನ ಗಂಟಲು ಆಡುತ್ತಿತ್ತು, ದನಿ ಇರಲಿಲ್ಲ. ಅವನಿಗೆ ಏನು ಕೇಳುತ್ತಿತ್ತೋ ನನಗೆ ಕೇಳಲಿಲ್ಲ.

ನಾನು ಮುಂಬಾಗಿಲಿಗೆ ಬಂದು ಕಟ್ಟೆಯ ಮೇಲೆ ಕೂತೆ. ಅಲ್ಲಿಯೇ ನಿದ್ದೆ ಹತ್ತಿರಬೇಕು. ಅವ್ವ ಬಂದು ಎಬ್ಬಿಸಿದಾಗ ಮೈ ಸುಡುತ್ತಿತ್ತು. ಒಳಗೆ ಹೋದರೆ ಕೀಬೋರ್ಡಿನ ಮೇಲೆ ಗೌಸಣಿಗೆ ಇತ್ತು, ಅಪ್ಪ ಮಂಚದ ಮೇಲೆ ಪೇಪರು ಓದುತ್ತಿದ್ದ. ಬಾರಿಸುತ್ತಿದ್ದೆಯಾ ಎಂದು ಕೇಳಲು ಬಾಯಿ ಬರಲಿಲ್ಲ. ಅವನಾಗಿ ಹೇಳುತ್ತಾನೆ ಎಂದುಕೊಂಡೆ. ಅವನು ಎಂದೂ ಹೇಳಲಿಲ್ಲ.

ಅಪ್ಪ ಹೋದ ಮೇಲೆ ಒಮ್ಮೆ ಅವ್ವನ ಹತ್ತಿರ ಈ ಮಾತು ತೆಗೆದೆ. ಅವಳಿಗೆ ಸಿಟ್ಟೇ ಬಂತು. "ಆ ಗುರುವಾರ ಎದ್ದವರು ಮತ್ತ ಅದನ್ನ ಮುಟ್ಟಲಿಲ್ಲ ಅವರು. ಹಗಲೀ ರಾತ್ರಿ ಮನ್ಯಾಗ ಇದ್ದಾಕಿ ನಾನು, ನನಗ ಗೊತ್ತಾಗೂದಿಲ್ಲೇನು?" ಬಾರಿಸಿದ್ದರೆ ಕೇಳುತ್ತಿತ್ತಲ್ಲ ಎಂಬುದು ಅವಳ ವಾದ. ಹೆಡ್‌ಫೋನು ಎಂದೆ. ಅವರಿಗೆ ಅದರ ವೈರು ಎಲ್ಲಿ ಸಿಕ್ಕಿಸಬೇಕೆಂದು ಯಾರು ಹೇಳಿಕೊಟ್ಟರು ಎಂದು ಕೇಳಿದಳು. ನಾನಂತೂ ಹೇಳಿಕೊಟ್ಟಿರಲಿಲ್ಲ.

ಕಾಕಾರನ್ನೂ ಕೇಳಿದೆ. ಅವರು ಆಗ ಗ್ಯಾರೇಜು ಮಗನಿಗೆ ಬಿಟ್ಟು, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಎಲ್ಲ ಕೇಳಿ ಕೈ ಅಲ್ಲಾಡಿಸಿದರು. "ಜ್ವರದಾಗ ನೋಡಿದ್ದು ಕೋರ್ಟಿನ್ಯಾಗ ನಡಿಯೂದಿಲ್ಲ ತಮ್ಮಾ." ಆಮೇಲೆ, ನನ್ನ ಕಡೆ ತಿರುಗದೆ, "ನಾ ಅವತ್ತ ನಗಬಾರದಿತ್ತು," ಎಂದರು. "ನೀ ನೋಡಿದ್ದ ಖರೇ ಇದ್ರ ಭಾಳ ಛಲೋ ಆಗ್ತಿತ್ತು."

ಆ ಮಾತಿನಿಂದ ನನ್ನ ಸಂಶಯ ಇನ್ನೂ ಹೆಚ್ಚಾಯಿತು. ನಿಜವಾಗಿದ್ದರೆ ಚೆನ್ನಾಗಿರುತ್ತಿತ್ತು ಎನ್ನಿಸುವ ನೆನಪನ್ನೇ ಹೆಚ್ಚು ಅನುಮಾನಿಸಬೇಕು. ಮಗನಾದವನಿಗೆ ಬೇಕಾದ ಚಿತ್ರ ಅದು. ತಂದದ್ದು ದಂಡವಾಗಲಿಲ್ಲ, ಅಪ್ಪ ಕಡೆಗೂ ಬಾರಿಸಿದ ಎಂಬ ಚಿತ್ರ. ಜ್ವರ ಬಂದ ತಲೆಗೆ ಅಷ್ಟು ಕಟ್ಟಿಕೊಳ್ಳುವುದು ಕಷ್ಟವಲ್ಲ.

ಈಚೆಗೆ ಕೀಬೋರ್ಡು ಕೆಟ್ಟುನಿಂತಿತು. ಪರದೆ ಹೊತ್ತುವುದಿಲ್ಲ, ಫ್ಲಾಪಿ ಈಗ ಎಲ್ಲೂ ಸಿಗುವುದಿಲ್ಲ. ಮೇಜು ಸರಿಸಿ ಧೂಳು ಒರೆಸುವಾಗ ಪೆಡಲು ಕೈಗೆ ಬಂತು. ರಬ್ಬರಿನ ಹಾಸಿನ ಮೇಲ್ತುದಿ ಕೈಗೆ ಅಂಟುತ್ತಿತ್ತು. ಅಲ್ಲಿ ರಬ್ಬರು ಉಬ್ಬಿ, ಮೆತ್ತಗಾಗಿ, ನಡುವೆ ಹೆಬ್ಬೆರಳಿನಷ್ಟು ಅಗಲದ ಒಂದು ತಗ್ಗು. ಕೆಳತುದಿ ಹೊಸದರ ಹಾಗೆ ಗಟ್ಟಿಯಾಗಿತ್ತು, ಗೆರೆಗಳೂ ಮಾಸಿರಲಿಲ್ಲ. ಮೂಗಿಗೆ ಹಿಡಿದೆ. ಆ ಎಣ್ಣೆಯ ಕಹಿ ವಾಸನೆ ಇತ್ತು ಎನ್ನಲಾರೆ, ಇರಲಿಲ್ಲ ಎಂದೂ ಅನ್ನಲಾರೆ.

ಅವ್ವನಿಗೆ ತೋರಿಸಿದೆ. ಆ ಗುರುವಾರ ಎಣ್ಣೆಗಾಲಿನಿಂದ ತುಳಿದಿದ್ದರಲ್ಲ, ಅವತ್ತಿನದು ಎಂದಳು. ಅದೂ ಇರಬಹುದಿತ್ತು. ಹಾಗಾಗಿ ವೈದ್ಯರ ಅಂಗಡಿಗೆ ಹೋದೆ. ಈಗ ಅವರ ಮಗಳು ಕೂಡುತ್ತಾಳೆ, ಎಣ್ಣೆ ಅದೇ. ಒಂದು ಬಾಟಲಿ ತಂದು, ಪೆಡಲಿನ ಕೆಳತುದಿಯ ಗಟ್ಟಿ ರಬ್ಬರಿಗೆ, ಅವ್ವನ ಆ ಒಂದು ಗುರುವಾರದ ಲೆಕ್ಕಕ್ಕೆ, ಒಮ್ಮೆ ಹಚ್ಚಿ, ಒರೆಸಿ, ಕಿಟಕಿಯ ಕಟ್ಟೆಯ ಮೇಲಿಟ್ಟೆ. ವಾರಗಟ್ಟಲೆ ಕಾದರೂ ಅದಕ್ಕೆ ಏನೂ ಆಗಲಿಲ್ಲ. ಆಮೇಲೆ ದಿನಾ ಮಧ್ಯಾಹ್ನ ಹಚ್ಚುತ್ತ ಹೋದೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ತುದಿಯೂ ಹೆಬ್ಬೆರಳು ಒತ್ತಿದರೆ ತಗ್ಗು ಬೀಳುವಷ್ಟು ಮೆತ್ತಗಾಗಿತ್ತು.