ಮೂಟೆಯ ತಳದ ಯೂನಿವರ್ಸಿಟಿ

ತುಮಕೂರಿನ ಮಂಡಿಯಲ್ಲಿ ಮಹಮ್ಮದ್ ಇಸ್ಮಾಯಿಲ್ ಸಾಬರು ನಲವತ್ತು ವರ್ಷದಿಂದ ಹುಣಸೆಹಣ್ಣಿನ ವ್ಯಾಪಾರಿ. ಮೂಟೆಯ ಮೇಲಿನ ಹಣ್ಣನ್ನು ಅವರು ಕಣ್ಣೆತ್ತಿಯೂ ನೋಡಿದವರಲ್ಲ. "ಮೇಲಿರೋನು ಮದುಮಗ, ಅತ್ತರು ಹಚ್ಕೊಂಡೇ ಇರ್ತಾನೆ" ಎನ್ನುತ್ತಾ ಅಂಗಿಯ ತೋಳು ಮಡಚಿ, ಮೊಣಕೈವರೆಗೂ ಕೈ ತೂರಿಸಿ, ತಳದ ಹಣ್ಣು ಕಿತ್ತು ಮೂಸುತ್ತಾರೆ. ಆಮೇಲೆ ಮಾರಲು ಬಂದವನಿಗೆ ಒಂದೇ ಪ್ರಶ್ನೆ: "ನಿನ್ನ ಮನೆ ಸಾರಿಗೆ ಇದನ್ನ ಹಾಕ್ತೀಯೇನಪ್ಪಾ?" ಉತ್ತರ ತಡವಾಯಿತೋ, ಮೂಟೆ ಬಂದ ಆಟೋದಲ್ಲೇ ವಾಪಸ್ಸು.

ಮಂಡಿಯಲ್ಲಿ ಕೂತು ಅವರು "ಮಾಲು ಸರಿಯಿದೆ" ಅಂದರೆ ಗುಬ್ಬಿಯ ವರ್ತಕರು ಮೂಟೆ ಬಿಚ್ಚಿಯೂ ನೋಡುವುದಿಲ್ಲ. ಮನೆಯಲ್ಲಿ ಅವರ ಮಾತಿಗೆ ಆ ಬೆಲೆಯಿಲ್ಲ. ಅಲ್ಲಿ ಅವರು ಹೇಳುವ ಸುಳ್ಳುಗಳೆಲ್ಲ ಹೆಂಡತಿ ಕುಲ್ಸುಂ ಬೀಗೆ ಬಾಯಿಪಾಠ.

ಶಿಕಾಗೋದಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ಐಮನ್ ರಜೆಗೆ ಬಂದಿದ್ದಳು. ಅಲ್ಲಿನ ಕಾಲೇಜು ಫೀಸಿಗೆ ಹೆದರಿ, ಗೆಳತಿಯರಂತೆ ಅವಳೂ ಯೂರೋಪಿನತ್ತ ಕಣ್ಣು ಹಾಕಿದ್ದಳು. ಜರ್ಮನಿಯ ಒಂದು ಯೂನಿವರ್ಸಿಟಿಯಲ್ಲಿ ಸೀಟೂ ಸಿಕ್ಕಿತ್ತು. ಒಪ್ಪಿಗೆ ಕಳಿಸಲು ಅವತ್ತೇ ಕಡೇ ದಿನ. ಅವಳ ತಾಯಿ, ಸಾಬರ ಮಗಳು ಶಾಹೀನ್ ಬೆಳಿಗ್ಗೆಯೇ ಮನೆಗೆ ಫೋನ್ ಮಾಡಿದ್ದಳು.

"ಅಬ್ಬಾ, ತಾತ ಹೂಂ ಅಂದ್ರೆ ಹೋಗು ಅಂತ ಐಮನ್‌ಗೆ ಅಂದಿದೀನಿ. ನೀವು ಬೇಡ ಅಂದ್ಬಿಡಿ."

"ಅಷ್ಟೇನಾ? ಬುಡಮ್ಮ, ಆಯ್ತು ಅಂತ ತಿಳ್ಕೋ."

ಐಮನ್ ಮಂಡಿಗೇ ಬಂದು ಮೊಬೈಲಿನಲ್ಲಿ ಹುಲ್ಲುಹಾಸು, ಲೈಬ್ರರಿ, ಹಲ್ಲು ಕಿರಿಯುವ ಹುಡುಗರನ್ನು ತೋರಿಸಿದಳು.

"ಇದು ಮದುಮಗ. ತಳ ಎಲ್ಲಿ?" ಎಂದರು ಸಾಬರು.

ತಳಕ್ಕೆ ಅವರೇ ದಾರಿ ಹುಡುಕಿಟ್ಟಿದ್ದರು. ಅವರಿಗೆ ಹಣ್ಣು ಹಾಕುವ ಹುಲಿಯೂರುದುರ್ಗದ ಸದಾಶಿವಯ್ಯನ ಮೊಮ್ಮಗಳು ಅಕ್ಷತಾ ಓದುತ್ತಿದ್ದುದು ಅದೇ ಯೂನಿವರ್ಸಿಟಿಯಲ್ಲಿ. ವಿಡಿಯೋ ಕಾಲ್ ಹೋಯಿತು.

"ಏನಮ್ಮಾ ಅಕ್ಷತಾ, ನಗ್ಬೇಡ. ಕೊಳೆತಿರೋದನ್ನ ತೋರ್ಸು."

ಸದಾಶಿವಯ್ಯನ ಮೊಮ್ಮಗಳಿಗೆ ಸಾಬರ ಪದ್ಧತಿ ಗೊತ್ತಿತ್ತು. ಏಳು ಜನರಿಗಿರುವ ಒಂದೇ ಅಡುಗೆಮನೆ ತೋರಿಸಿದಳು. "ನನ್ನ ಮೊಸರು ಯಾರೋ ಕದೀತಾರೆ ಸಾಬ್ರೇ. ಭಾನುವಾರ ಅಂಗಡಿ ಎಲ್ಲಾ ಬಂದ್. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ಲು. ಒಂದು ಸಬ್ಜೆಕ್ಟು ಡುಮ್ಕಿ. ಮೊದಲೆರಡು ತಿಂಗಳು ಬರೀ ಅತ್ತಿದೀನಿ."

ಐಮನ್ ಮುಖ ಸಣ್ಣಗಾಯಿತು. ಸಾಬರ ಗಡ್ಡ ಅರಳಿತು. ಅಲ್ಲಿಗೇ ಫೋನ್ ಇಟ್ಟಿದ್ದರೆ ಶಾಹೀನ್ ಗೆದ್ದಿರುತ್ತಿದ್ದಳು. ಆದರೆ ನಲವತ್ತು ವರ್ಷದ ಚಾಳಿ, ಬಾಯಿ ತಾನಾಗಿ ಕೇಳಿಬಿಟ್ಟಿತು: "ನಿನ್ನ ಮನೆ ಸಾರಿಗೆ ಇದನ್ನ ಹಾಕ್ತೀಯೇನಮ್ಮಾ?"

"ಹಾಕಾಯ್ತು ಸಾಬ್ರೇ," ಎಂದಳು ಅಕ್ಷತಾ, ಒಂದು ಉಸಿರೂ ತಡವಿಲ್ಲದೆ. "ನಮ್ಮ ತಂಗಿ ಕೈಲೂ ಇಲ್ಲಿಗೇ ಅರ್ಜಿ ಹಾಕ್ಸಿದೀನಿ."

ಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಅಷ್ಟರಲ್ಲಿ ಶಾಹೀನ್ ಫೋನ್ ಬಂತು.

"ಬೇಡ ಅಂದ್ರಾ ಅಬ್ಬಾ?"

ಸಾಬರು ಸುತ್ತಲಿನ ಮೂಟೆಗಳನ್ನೂ ಮೊಮ್ಮಗಳನ್ನೂ ನೋಡಿದರು. "ಮಾಲು ಸರಿಯಿದೆ ಕಣಮ್ಮ."

"ಏನು! ಬೆಳಿಗ್ಗೆ ಏನಂದಿದ್ರಿ?"

"ಬೆಳಿಗ್ಗೆ ಮನೇಲಿದ್ದೆ. ಈಗ ಮಂಡೀಲಿದೀನಿ. ಸುಳ್ಳೇ ಬೇಕು ಅಂದ್ರೆ ರಾತ್ರಿ ಮನೆಗೆ ಫೋನ್ ಮಾಡು."

ಐಮನ್ ಆಗಲೇ ಒಪ್ಪಿಗೆ ಕಳಿಸಿ, ಮೂಟೆಯೊಂದರ ತಳಕ್ಕೆ ಕೈ ತೂರಿಸಿ, ಸಿಕ್ಕ ಹಣ್ಣನ್ನು ಚೀಪುತ್ತಾ ಕೂತಿದ್ದಳು.