ಥೀಮಿನೊಳಗೆ ಬೆಳೆದ ಅಕ್ಷರ

ನಮ್ಮ ವಾಚನಾಲಯದ ಗ್ರಂಥಪಾಲಕನಿಗೆ ‘ಸದ್ದಣ್ಣ’ ಎಂದು ಹೆಸರು ಬಿದ್ದದ್ದು, ಯಾರು ಕೆಮ್ಮಿದರೂ ‘ಸದ್ದು!’ ಎಂದು ಗದರುತ್ತಿದ್ದುದರಿಂದ. ಆ ಸೋಮವಾರ ಬೆಳಿಗ್ಗೆ ಮಾತ್ರ ಅವನ ಎದೆಯೇ ಡಬಡಬ ಸದ್ದು ಮಾಡುತ್ತಿತ್ತು.

ಕಾರಣ, ವೆಬ್‌ಸೈಟು. ವಾಚನಾಲಯದ ಸೈಟನ್ನು ಕಟ್ಟಿದವನು ಅವನೇ. ಬರಹವನ್ನು ಕೊಟ್ಟರೆ ಪುಟ ಮಾಡಿಕೊಡುವ ತಂತ್ರಾಂಶವೊಂದಿತ್ತು; ಆ ಪುಟಗಳಿಗೆ ತೊಡಿಸುವ ಉಡುಪೇ ಥೀಮು. ಯಾರೋ ಪುಣ್ಯಾತ್ಮರು ಹೊಲಿದು ಪುಕ್ಕಟೆ ಕೊಟ್ಟದ್ದು. ‘ಥೀಮಿನ ಫೋಲ್ಡರಿನೊಳಗೆ ಏನನ್ನೂ ತಿದ್ದಬೇಡಿ, ಹೊಸ ಥೀಮು ಬಂದರೆ ಅಳಿಸಿಹೋಗುತ್ತದೆ; ಬೇಕಾದ ಫೈಲನ್ನು ಹೊರಗೆ ನಕಲು ಮಾಡಿಕೊಂಡು ತಿದ್ದಿ’ ಎಂದು ಅವರು ಮೊದಲ ಸಾಲಿನಲ್ಲೇ ಬರೆದಿದ್ದರು. ಊರಿಗೆಲ್ಲ ‘ಸೂಚನೆ ಓದ್ರೀ’ ಎಂದು ಬೋಧಿಸುವ ಸದ್ದಣ್ಣ ಅದೊಂದನ್ನು ಓದಿರಲಿಲ್ಲ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದಂತೆ ಎಲ್ಲವನ್ನೂ ಒಳಗೇ ತಿದ್ದಿದ್ದ.

ತಿದ್ದಿದ್ದು ಅಕ್ಷರದ ಗಾತ್ರ. ಅದೂ ಅಕ್ಕನಿಗಾಗಿ.

ಹೊಲಿಗೆ ಹಾಕಿ ಅವನನ್ನು ಸಾಕಿದ ಅಕ್ಕ. ದಿನಾ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಟ್ಯಾಬ್ ತೆರೆದು, ತಮ್ಮ ಬರೆದ ‘ಇಂದಿನ ಪುಸ್ತಕ’ ಓದಿ, ಫೋನು ಮಾಡಿ ತಪ್ಪು ಹಿಡಿಯದಿದ್ದರೆ ಅವಳಿಗೆ ಕಾಫಿ ಇಳಿಯದು. ಅವಳ ಕಣ್ಣು ನೋಡಿದ್ದ ಡಾಕ್ಟರು, ‘ಓದೋದು ಕಷ್ಟ ಆಯ್ತಾ, ಅವತ್ತೇ ಬನ್ನಿ. ತಡ ಮಾಡಿದ್ರೆ ಹೋದ ಕಣ್ಣು ವಾಪಸ್ ಬರಲ್ಲ’ ಎಂದಿದ್ದರು. ಮುಂದೊಂದು ದಿನ ಅವಳು ‘ಅಕ್ಷರ ಮಸುಕು ಕಣೋ’ ಎಂದಾಗ ಆ ದನಿಯ ನಡುಕಕ್ಕೆ ಇವನು ಹೆದರಿದ. ಡಾಕ್ಟರ ಬಳಿ ಓಡಬೇಕಾದವನು ಥೀಮಿನೊಳಗೆ ಹೊಕ್ಕು ಅಕ್ಷರ ಹಿಗ್ಗಿಸಿದ.

ಮರುದಿನ ಅಕ್ಕ, ‘ಚೆನ್ನಾಗಿ ಕಾಣ್ತಿದೆ ಕಣೋ. ನಿನ್ನೆ ನಿದ್ದೆ ಸಾಲ್ದಿತ್ತು, ಅಷ್ಟೇ!’ ಎಂದಳು.

ಆಮೇಲೆ ಅದೇ ಚಾಳಿಯಾಯಿತು. ಅವಳು ಗೊಣಗುವುದು, ಇವನು ಹಿಗ್ಗಿಸುವುದು. ಕೊನೆಗೆ ಸಾಲಿಗೆ ಮೂರೇ ಪದ ಹಿಡಿಯತೊಡಗಿದವು. ‘ಏನ್ ಸದ್ದಣ್ಣ, ನಿನ್ ಪುಟ ಕಿರುಚ್ತಾ ಇದೆಯಲ್ಲ!’ ಎಂದು ಓದುಗರು ಕಾಲೆಳೆದರು. ಅವನು ನಗಲಿಲ್ಲ.

ಆ ಸೋಮವಾರ ಸಮಿತಿಯ ಅಧ್ಯಕ್ಷರು ಬಂದು ಎದುರಿನ ಕುರ್ಚಿಯಲ್ಲಿ ತುಂಬಿಕೊಂಡರು.

‘ಥೀಮು ಹೊಸದು ಬಂದಿದೆಯಂತಲ್ಲ? ಮೇಲ್ಗಡೆ ಫೋಟೋ ಓಡಾಡುತ್ತಂತೆ. ಹಾಕ್ರೀ. ಮುಖಪುಟ ಅಂದ್ಮೇಲೆ ಒಂದು ಮುಖ ಬೇಡ್ವಾ?’

‘ಯಾರ ಮುಖ ಸಾರ್?’

‘ಅದನ್ನೂ ನನ್ ಬಾಯಲ್ಲೇ ಹೇಳಿಸ್ತೀರಾ?’

‘ನಾಳೆ ಹಾಕ್ಲಾ ಸಾರ್? ಹಳೇದ್ರಲ್ಲಿ ನನ್ನ ಒಂದಿಷ್ಟು ಕೆಲಸ ಇದೆ, ಅಳಿಸಿ ಹೋಗುತ್ತೆ...’

‘ಈಗ್ಲೇ. ನಾನು ಕೂತಿರ್ತೀನಿ.’

ಸದ್ದಣ್ಣ ಗುಂಡಿ ಒತ್ತಿದ. ಹೊಸ ಥೀಮು ಹಳೆಯದನ್ನು ನುಂಗಿ ಕೂತಿತು. ಅಧ್ಯಕ್ಷರ ಮುಖ ಎಡದಿಂದ ಬಲಕ್ಕೆ ಗಂಭೀರವಾಗಿ ತೇಲಿತು. ಅದರ ಕೆಳಗೆ ಅಕ್ಷರಗಳು ಎಲ್ಲರ ಸೈಟಿನಲ್ಲೂ ಇರುವಷ್ಟೇ ಗಾತ್ರಕ್ಕೆ ಇಳಿದಿದ್ದವು. ಫೋನು ಬಡಿದುಕೊಂಡಿತು.

‘ಲೋ, ಇವತ್ತು ಏನೂ ಬರೀಲಿಲ್ವೇನೋ?’

‘ಬರ್ದಿದೀನಲ್ಲಕ್ಕ.’

‘ಎಲ್ಲೋ? ಬರೀ ಬಿಳೀ ಹಾಳೆ. ಮೇಲೆ ಅದೇನೋ ಮೋಡ ಹೋದಂಗೆ ಹೋಗ್ತಿದೆ.’

ಪುಟದ ತುಂಬ ಬರಹವಿತ್ತು. ಒಂದು ಸಾಲೂ ಅವಳಿಗೆ ಕಂಡಿರಲಿಲ್ಲ. ಗಾತ್ರ ಹಿಗ್ಗಿಸಲು ಸದ್ದಣ್ಣನ ಬೆರಳು ತಾನಾಗಿ ಕೀಲಿಮಣೆಗೆ ಹೋಗಿತ್ತು. ಬಿಸಿ ತಾಗಿದಂತೆ ಹಿಂದಕ್ಕೆ ಎಳೆದುಕೊಂಡ.

‘ಅಕ್ಕ, ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲೇ ಕೂತಿರು. ಡಾಕ್ಟರ ಹತ್ರ ಹೋಗೋಣ.’

‘ಯಾಕೋ? ನಿನ್ನೆ ತನಕ ಚೆನ್ನಾಗೇ ಕಾಣ್ತಿತ್ತಲ್ಲೋ...’

‘ಕಾಣ್ತಿರ್ಲಿಲ್ಲ ಅಕ್ಕ. ನಾನು ಕಾಣೋ ಹಾಗೆ ಮಾಡ್ತಿದ್ದೆ.’

ಅವನು ಎದ್ದು ಓಡಿದ.

‘ರೀ, ಹೋಗೋ ಮುಂಚೆ ನನ್ನ ಫೋಟೋ ಒಂಚೂರು ದೊಡ್ಡದು ಮಾಡ್ರೀ!’ ಎಂದರು ಅಧ್ಯಕ್ಷರು.

ವಾಚನಾಲಯದ ಬಾಗಿಲು ಧಡಾರನೆ ಬಡಿದುಕೊಂಡಿತು. ‘ಸದ್ದು!’ ಎನ್ನುವವನೇ ಅಲ್ಲಿರಲಿಲ್ಲ.